ಕುಡಿತ ಬಿಟ್ಟವನಿಗೆ ಕೂರಲು ಒಂದು ಜಾಗ

(ಚಾಂಪಿಯನ್ ರೀಫ್ಸ್‌ನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯ ಕರಪತ್ರದಲ್ಲಿ ‘ಕುಡಿತದ ಪ್ರಶ್ನೆ’ ಎಂದು ಅಚ್ಚು ಹಾಕಿಸಿದ್ದೆವು. ಅದನ್ನು ಓದಿಯೇ ಕೆಲವರು ಬಾರದೆ ಉಳಿದಿದ್ದಾರೆ. ಇವನು ಮೇಷ್ಟರಾಗಿದ್ದವನು, ಬೆತ್ತ ಬಿಟ್ಟರೂ ಬುದ್ಧಿ ಹೇಳುವ ಚಾಳಿ ಬಿಟ್ಟಿಲ್ಲ, ಒಂದು ಗಂಟೆ ಕೊರೆಯುತ್ತಾನೆ ಎಂಬುದು ಅವರ ಎಣಿಕೆ. ಆ ಎಣಿಕೆ ತಪ್ಪು. ಕುಡಿಯಬೇಡಿರೆಂದು ಹೇಳಲು ನಾನು ನಿಂತಿಲ್ಲ. ಕುಡಿತ ಕೆಟ್ಟದ್ದೆಂದು ಕುಡಿಯುವವನಿಗೆ ಗೊತ್ತಿಲ್ಲವೆ? ನನಗಿಂತ ಚೆನ್ನಾಗಿ ಗೊತ್ತು. ಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದವನು ಮಾರನೆಯ ದಿನ ಸಂಜೆ ಏಳು ಗಂಟೆಗೆ ಎಲ್ಲಿಗೆ ಹೋಗಿ ಕೂರಬೇಕು? ನನ್ನದು ಈ ಒಂದೇ ಪ್ರಶ್ನೆ. ಕುಡಿಯುವವನಿಗೆ ಈ ಊರಿನಲ್ಲಿ ಜಾಗಕ್ಕೆ ಕೊರತೆಯಿಲ್ಲ. ಬಿಟ್ಟವನಿಗೆ ಎಲ್ಲಿದೆ ಜಾಗ?

ಸರ್ಕಾರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನಮ್ಮ ಪತ್ರಿಕೆಯಲ್ಲಿ ಅದನ್ನು ಬೇಕಾದಷ್ಟು ಬರೆದಿದ್ದೇವೆ. ಮಾದಕ ಪಾನೀಯಗಳನ್ನು ನಿಷೇಧಿಸಲು ಸರ್ಕಾರ ಪ್ರಯತ್ನಿಸತಕ್ಕದ್ದೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ನಮ್ಮ ರಾಜ್ಯದ 2025–26ರ ಬಜೆಟ್ಟಾದರೋ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟಿತು. ಎರಡನ್ನೂ ಒಂದೇ ವಿಧಾನಸೌಧದಲ್ಲಿ ಕೂತವರು ಓದಿಕೊಳ್ಳುತ್ತಾರೆ! 2007ರ ಜುಲೈ 1ರಿಂದ ಸಾರಾಯಿ ನಿಂತಿತು. ನಮ್ಮ ಜನ ನಿಲ್ಲಿಸಿದರೆ? ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ನಮ್ಮ ಕೋಲಾರ ಜಿಲ್ಲೆ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಯ ಮುಂದೆ ನಿಂತದ್ದು, 2019ರ ಜನವರಿಯಲ್ಲಿ ನಮ್ಮ ರಾಜ್ಯದ ಹೆಂಗಸರು ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದದ್ದು ಎರಡಕ್ಕೂ ನಾನು ಕೈಮುಗಿಯುತ್ತೇನೆ. ಆ ಹೋರಾಟ ನಡೆಯಲಿ. ಆದರೆ ಅಂಗಡಿ ಮುಚ್ಚಿಸುವುದು ಬೇರೆ, ಮನುಷ್ಯನನ್ನು ಉಳಿಸಿಕೊಳ್ಳುವುದು ಬೇರೆ. ಎರಡನೆಯದನ್ನು ನಾನು ಬಹಳ ತಡವಾಗಿ ಕಲಿತೆ.

ನಮ್ಮಪ್ಪ ಚಾಂಪಿಯನ್ ಗಣಿಯ ಕೆಳಗೆ ದುಡಿದವನು. ನೆಲದಿಂದ 3,200 ಮೀಟರಿನಷ್ಟು ಆಳಕ್ಕೆ ಹೋದ ಗಣಿ ಅದು. ಕೆಳಗೆ ಬಂಡೆಯೇ ಕಾದಿರುತ್ತಿತ್ತು ಎನ್ನುತ್ತಿದ್ದ. ಪಾಳಿ ಮುಗಿಸಿ ಮೇಲೆ ಬಂದವರು ಒಂದು ಗ್ಲಾಸು ಹಾಕಿಕೊಂಡೇ ಮನೆಗೆ ಬರುತ್ತಿದ್ದರು. ಅದನ್ನು ಯಾರೂ ರೋಗ ಎನ್ನಲಿಲ್ಲ, ಮೈನೋವಿನ ಮದ್ದು ಎಂದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಾನಾಗ ಮಿಡ್ಲ್ ಸ್ಕೂಲಿನ ಹುಡುಗ. ಪಾಳಿಯ ಕೂಗು ನಿಂತ ಮೇಲೆ ಗಂಡಸರಿಗೆ ಹಗಲು ಯಾವುದು, ರಾತ್ರಿ ಯಾವುದು ತಿಳಿಯದ ಹಾಗಾಯಿತು. ಕೆಲಸ ಹೋಯಿತು, ಗ್ಲಾಸು ಮಾತ್ರ ಉಳಿಯಿತು. ಆಮೇಲಿನವರು ಮಾರಿಕುಪ್ಪಂ ರೈಲು ಹಿಡಿದರು. ಬೆಳಕು ಹರಿಯುವ ಮುಂಚೆ ಹೊರಟು ಬೆಂಗಳೂರು, ರಾತ್ರಿ ಹಿಂತಿರುಗಿ ಚಾಂಪಿಯನ್, ಊರಗಾಂ. ಈ ಸಭೆಯಲ್ಲಿ ಅರ್ಧ ಜನ ಆ ರೈಲಿನವರು. ರೈಲಿಳಿದ ಕೂಡಲೇ ಕಾಲು ತಾನಾಗಿ ಯಾವ ಕಡೆ ತಿರುಗುತ್ತದೆಂದು ನಾನು ಹೇಳಬೇಕಾಗಿಲ್ಲ.

ನನ್ನ ಅಣ್ಣನೂ ಆ ರೈಲಿನವನೇ. ಅತ್ತಿಗೆಯ ಒಪ್ಪಿಗೆ ಪಡೆದು ಈ ಮಾತನ್ನು ಆಡುತ್ತಿದ್ದೇನೆ.

ಅಣ್ಣ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕಿದ್ದ. ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದವನು ಆಮೇಲೆ ಬೆಳಿಗ್ಗೆ ರೈಲು ಹತ್ತುವ ಮುನ್ನವೂ ಶುರುಮಾಡಿದ. ಕೈನಡುಕ ನಿಲ್ಲಬೇಕಾದರೆ ಒಂದು ತೊಂಬತ್ತು ಒಳಗೆ ಹೋಗಬೇಕು. 2021ರ ಶ್ರಾವಣದಲ್ಲಿ ಗುಟ್ಟಹಳ್ಳಿಯ ಬಂಗಾರು ತಿರುಪತಿಗೆ ಕರೆದುಕೊಂಡು ಹೋಗಿ ದೇವರ ಮುಂದೆ ಆಣೆ ಮಾಡಿಸಿದೆವು. ಕರ್ಪೂರ ಮುಟ್ಟಿ ಆಣೆ ಮಾಡಿದ, ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುತ್ತಿರಲಿಲ್ಲ. ಮನೆಗೆ ಬಂದು ನಾನೇ ಕೋಣೆಗೆ ಚಿಲಕ ಹಾಕಿದೆ. ಮೂರು ದಿನ ಹೊರಗೆ ಬಿಡಬಾರದು, ಆಮೇಲೆ ಸರಿಹೋಗುತ್ತಾನೆ ಎಂದು ಅತ್ತಿಗೆಗೂ ಹೇಳಿದೆ. ಎರಡನೆಯ ದಿನ ಮಧ್ಯಾಹ್ನ ಒಳಗಿನಿಂದ ಧಡ್ ಎಂದು ಸದ್ದಾಯಿತು. ಬಾಗಿಲು ತೆಗೆದರೆ ಫಿಟ್ಸು ಬಂದು ಕೈಕಾಲು ಬಡಿಯುತ್ತಿದ್ದಾನೆ, ನಾಲಿಗೆ ಕಚ್ಚಿಕೊಂಡು ಬಾಯಿತುಂಬ ರಕ್ತ. ಆಟೋದಲ್ಲಿ ಹಾಕಿಕೊಂಡು ಹೋದೆವು, ಬದುಕಿದ. ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಮನೆಗೆ ಹೋಗಿ ಹೇಳಿ. ವರ್ಷಗಟ್ಟಲೆ ದಿನವೂ ಕುಡಿದವನು, ಬೆಳಿಗ್ಗೆ ಕೈ ನಡುಗುವವನು, ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮೊದಲ ಎರಡು ದಿನದಲ್ಲಿ ಫಿಟ್ಸು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಬೆವರು, ಜ್ವರ, ಇಲ್ಲದ್ದು ಕಾಣುವ ಭ್ರಮೆ ಬರಬಹುದು. ಅದಕ್ಕೆ ಔಷಧಿ ಇದೆ, ಬಿ-ಒನ್ ವಿಟಮಿನ್ ಇಂಜೆಕ್ಷನ್ ಇದೆ. ಅದೆಲ್ಲ ಡಾಕ್ಟರ ಕಣ್ಣೆದುರಿನಲ್ಲಿ ನಡೆಯಬೇಕು, ಚಿಲಕ ಹಾಕಿದ ಕೋಣೆಯಲ್ಲಲ್ಲ. ಇನ್ನೊಂದು. ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂದು ಗೋಡೆಗಳ ಮೇಲೆ ಚೀಟಿ ಅಂಟಿಸಿರುತ್ತಾರಷ್ಟೆ? ತಾಯಂದಿರೇ, ಆ ಪುಡಿಯನ್ನು ಸಾರಿನಲ್ಲಿ ಬೆರೆಸಬೇಡಿರಿ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಮಾತ್ರೆಯೊಂದು ಉಂಟು. ಕುಡಿಯುವವನ ಒಪ್ಪಿಗೆಯಿಂದ, ಡಾಕ್ಟರು ಪರೀಕ್ಷೆ ಮಾಡಿ ಕೊಡುವಂಥದು. ತಿಳಿಸದೆ ಕೊಟ್ಟರೆ, ಅದರ ಮೇಲೆ ಅವನು ಕುಡಿದರೆ, ಪ್ರಾಣ ಹೋಗಬಹುದು.

ಎಲ್ಲಿಗೆ ಹೋಗಬೇಕು ಎನ್ನುತ್ತೀರಿ. ಕೋಲಾರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಎಸ್.ಎನ್.ಆರ್. ಆಸ್ಪತ್ರೆ ಎಂದರೆ ಎಲ್ಲರಿಗೂ ಗೊತ್ತು. ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋರೋಗದ ಡಾಕ್ಟರು ಬರುವ ‘ಮನೋಚೈತನ್ಯ’ ಎಂಬ ಏರ್ಪಾಡನ್ನು ಸರ್ಕಾರ ಮಾಡಿದೆ. ಈ ವಾರ ಬರುತ್ತಾರೆಯೇ ಎಂದು ಮೊದಲೇ ಕೇಳಿಕೊಂಡು ಹೋಗಿ, ಒಂದು ದಿನದ ಕೂಲಿ ಉಳಿಯುತ್ತದೆ. ಕಷ್ಟವಾದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗವಿದೆ. ಹುಚ್ಚಾಸ್ಪತ್ರೆ ಎಂದು ಹೆದರಬೇಕಾಗಿಲ್ಲ. ಕಾಲು ಮುರಿದವನು ಮೂಳೆ ಡಾಕ್ಟರ ಹತ್ತಿರ ಹೋಗುವಂತೆ ಇದೂ ಒಂದು. ಟೆಲಿಫೋನಿನಲ್ಲಿ ಕೇಳುವುದಾದರೆ 14416, ಅದು 2022ರಲ್ಲಿ ಶುರುವಾದ ಟೆಲಿ ಮಾನಸ್. ವ್ಯಸನದ ವಿಚಾರಕ್ಕೇ 14446 ಇದೆ. ಎರಡಕ್ಕೂ ಕಾಸಿಲ್ಲ.

ಆದರೆ ಆಸ್ಪತ್ರೆ ಹತ್ತು ದಿನದ್ದು. ಹನ್ನೊಂದನೆಯ ದಿನ?

ನಮ್ಮಣ್ಣ ಆಸ್ಪತ್ರೆಯಿಂದ ಬಂದು ಇಪ್ಪತ್ತು ದಿನ ಚೆನ್ನಾಗಿದ್ದ. ಇಪ್ಪತ್ತೊಂದನೆಯ ದಿನ ರೈಲು ಇಳಿದವನು ಮನೆಗೆ ಬರಲಿಲ್ಲ. ಆಮೇಲೆ ಕೇಳಿದೆ, ಯಾಕಣ್ಣಾ ಎಂದು. “ಲೋ ಮೇಷ್ಟ್ರೇ, ಬಾಯಾರಿಕೆ ಆಗಲಿಲ್ಲ ಕಣೋ. ಜೊತೆಯವರೆಲ್ಲ ಆ ಕಡೆ ಹೋದರು. ನಾನು ಒಬ್ಬನೇ ಈ ಕಡೆ ಬರೋದಕ್ಕೆ ಆಗಲಿಲ್ಲ” ಎಂದ. ಅವನ ಮಾತು ಆಗ ನನಗೆ ನೆಪದ ಹಾಗೆ ಕೇಳಿತು. ಕಾರ್ಮಿಕರ ಸಂಘಟನೆ ಮಾಡುತ್ತೇನೆಂದು ಊರೂರು ತಿರುಗುವವನಿಗೆ, ಒಬ್ಬನೇ ನಿಂತವನಿಗೆ ಬಲವಿಲ್ಲ ಎಂದು ವೇದಿಕೆಯ ಮೇಲೆ ಹೇಳುವವನಿಗೆ, ಮನೆಯೊಳಗೆ ಅದೇ ಮಾತು ಬಂದಾಗ ಅರ್ಥವಾಗಲಿಲ್ಲ.

ಅವನಿಗೆ ದಾರಿ ತೋರಿಸಿದವನು ನಾನಲ್ಲ. ಅದೇ ರೈಲಿನಲ್ಲಿ ಬರುತ್ತಿದ್ದ ಒಬ್ಬಾತ. ಅಣ್ಣ ಬಾಟಲು ಚಾಚಿದ್ದಾನೆ, ಆತ ಬೇಡವೆಂದಿದ್ದಾನೆ. ನೀನು ಕುಡಿಯುವವನಲ್ಲವೋ ಎಂದು ಇವನು ಕೇಳಿದ್ದಕ್ಕೆ, ‘ನಿನಗಿಂತ ಹೆಚ್ಚು ಕುಡಿದವನು, ಅದಕ್ಕೇ ಬೇಡ’ ಎಂದನಂತೆ. ಆ ವಾರ ಶನಿವಾರ ಕಂಟೋನ್ಮೆಂಟಿನಲ್ಲಿ ಇಳಿಸಿಕೊಂಡು ಒಂದು ಚರ್ಚಿನ ಹಿಂದಿನ ಕೊಠಡಿಗೆ ಕರೆದುಕೊಂಡು ಹೋದ. ಅದೇ ಎ.ಎ., ಆಲ್ಕೋಹಾಲಿಕ್ಸ್ ಅನಾನಿಮಸ್. ಹೆಸರು ಹೇಳಿಕೊಳ್ಳದ ಕುಡುಕರ ಕೂಟ ಎಂದರೆ ಅರ್ಥ ಸರಿಯಾದೀತು.

ಅದು ಹುಟ್ಟಿದ ಕತೆ ನಮ್ಮಂಥವರು ತಿಳಿಯತಕ್ಕದ್ದು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ನಮ್ಮ ಗಣಿಗಳ ಹಾಗೆ ಅದು ರಬ್ಬರ್ ಕಾರ್ಖಾನೆಗಳ ಊರು. ಬಿಲ್ ಎಂಬ ಷೇರು ದಲ್ಲಾಳಿ ವ್ಯವಹಾರಕ್ಕೆಂದು ಬಂದು ಕೈಸುಟ್ಟುಕೊಂಡು ಹೋಟೆಲಿನ ಹಜಾರದಲ್ಲಿ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಒಂದು ಪಕ್ಕ ಬಾರು, ಒಳಗಿನಿಂದ ನಗು ಕೇಳುತ್ತಿದೆ. ಇನ್ನೊಂದು ಪಕ್ಕ ಟೆಲಿಫೋನು. ಆತ ಟೆಲಿಫೋನಿನ ಕಡೆ ಹೋಗಿ ಊರಿನ ಪಾದ್ರಿಗಳಿಗೆ ಫೋನು ಮಾಡಿ ಕೇಳಿದ: ಈ ಊರಿನಲ್ಲಿ ನನ್ನ ಹಾಗೆ ಕುಡಿತಕ್ಕೆ ಸಿಕ್ಕಿಬಿದ್ದವನು ಯಾರಾದರೂ ಇದ್ದಾನೆಯೆ, ನಾನು ಅವನ ಜೊತೆ ಮಾತಾಡಬೇಕು. ಗಮನಿಸಿ, ಆತ ಡಾಕ್ಟರನ್ನು ಕೇಳಲಿಲ್ಲ, ಉಪದೇಶ ಮಾಡುವವರನ್ನು ಕೇಳಲಿಲ್ಲ, ಇನ್ನೊಬ್ಬ ಕುಡುಕನನ್ನು ಕೇಳಿದ. ಸಿಕ್ಕಿದವರು ಬಾಬ್ ಎಂಬ ಶಸ್ತ್ರವೈದ್ಯರು, ಅವರೂ ಮುಳುಗಿದವರೇ. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಬಾಬ್ ಕೊನೆಯ ಸಲ ಕುಡಿದ 1935ರ ಜೂನ್ 10ನೆಯ ತಾರೀಖನ್ನೇ ಕೂಟ ಹುಟ್ಟಿದ ದಿನವೆಂದು ಎಣಿಸುತ್ತಾರೆ. ನಮ್ಮ ದೇಶಕ್ಕೆ, ಬೊಂಬಾಯಿಗೆ, ಅದು 1957ರಲ್ಲಿ ಬಂತು. ಶುರುವಾದದ್ದು ಇಬ್ಬರಿಂದ, ಅದನ್ನು ನೆನಪಿಡಿ. ಆಮೇಲೆ ಅದಕ್ಕೇ ಬರುತ್ತೇನೆ.

ಅಲ್ಲಿ ಏನು ನಡೆಯುತ್ತದೆ? ಹೊಸಬರೂ ಮನೆಯವರೂ ಬರಬಹುದಾದ ಸಭೆ ಒಂದು ಉಂಟು, ಕುಡಿತದವರು ಮಾತ್ರ ಕೂರುವ ಸಭೆ ಒಂದು ಉಂಟು. ಅಣ್ಣನ ಜೊತೆ ಮೊದಲನೆಯದಕ್ಕೆ ಒಂದು ಸಲ ನಾನೂ ಹೋದೆ. ಹತ್ತು ಹನ್ನೆರಡು ಕುರ್ಚಿ, ಚಹಾ, ಬಿಸ್ಕತ್ತು. ಅಧ್ಯಕ್ಷ ಪೀಠವಿಲ್ಲ, ಹಾರ ತುರಾಯಿ ಇಲ್ಲ. ನಮ್ಮ ಸಭೆಗಳಿಗೂ ಆ ಒಂದು ಗುಣ ಬಂದರೆ ಚೆನ್ನ. ಒಬ್ಬೊಬ್ಬನೂ ಎದ್ದು ತನ್ನ ಮೊದಲ ಹೆಸರು ಹೇಳಿ, ನಾನು ಕುಡುಕ ಎಂದು ಹೇಳಿ, ತನ್ನ ಕತೆ ಹೇಳುತ್ತಾನೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಜನ್ಮಪೂರ್ತಿ ಬಿಡುತ್ತೇನೆ ಎಂಬ ಆಣೆ ಅಲ್ಲಿಲ್ಲ, ಇವತ್ತು ಒಂದು ದಿನ ಕುಡಿಯುವುದಿಲ್ಲ ಎಂಬುದಷ್ಟೇ. ನಾಳೆಯದು ನಾಳೆ. ಬಿದ್ದವನು ಮತ್ತೆ ಬಂದರೆ ಬಾ ಕೂರು ಎನ್ನುತ್ತಾರೆ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸದಸ್ಯ, ಬೇರೆ ಅರ್ಹತೆ ಬೇಕಿಲ್ಲ. ಚಂದಾ ಇಲ್ಲ, ಬಾಡಿಗೆಗೂ ಚಹಾಕ್ಕೂ ಆದವರು ಆದಷ್ಟು ಹಾಕುತ್ತಾರೆ, ಹೊರಗಿನವರಿಂದ ಕಾಸು ಮುಟ್ಟುವುದಿಲ್ಲ. ಯಾವ ಪಕ್ಷಕ್ಕೂ ಯಾವ ಮತಕ್ಕೂ ಸೇರಿದ್ದಲ್ಲ. ಒಳಗೆ ಕೇಳಿದ್ದು ಹೊರಗೆ ಹೋಗುವುದಿಲ್ಲ. ಹೊಸಬನಿಗೆ ಹಳಬನೊಬ್ಬ ಜೊತೆಯಾಗುತ್ತಾನೆ. ರಾತ್ರಿ ಹತ್ತು ಗಂಟೆಗೆ ಕೈ ನಡುಗಿದರೆ ಫೋನು ಮಾಡಲಿಕ್ಕೆ ಒಬ್ಬ ಮನುಷ್ಯ.

ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ನಾನು ಅದನ್ನು ಹಿಡಿದುಕೊಂಡು ರೈಲಿನಲ್ಲಿ ಬರುವಾಗ ಅಣ್ಣನನ್ನು ಹಾಸ್ಯ ಮಾಡಿದೆ, ಇದೇನು ಭಜನಾ ಮಂಡಳಿಯೋ ಎಂದು. ಅವನು ನಕ್ಕು, ಅವರವರಿಗೆ ತಿಳಿದ ದೇವರು ಎಂದು ಬರೆದಿದ್ದಾರೆ, ನಿನಗೆ ಬೇಡದಿದ್ದರೆ ಬಿಡು, ಕುರ್ಚಿಯ ಮೇಲಂತೂ ಕೂರಬಹುದಲ್ಲ ಎಂದ.

ಹದಿನಾಲ್ಕು ತಿಂಗಳು ಸಂಗಾತಿಗಳೇ! 2022ರ ಜನವರಿಯಿಂದ 2023ರ ಮಾರ್ಚಿನವರೆಗೆ ಅವನು ಒಂದು ತೊಟ್ಟು ಮುಟ್ಟಲಿಲ್ಲ. ಶೆಟ್ಟರ ಅಂಗಡಿಯ ಸಾಲದ ಪುಸ್ತಕದಲ್ಲಿ ಅವನ ಹಾಳೆ ತೀರಿತು. ವ್ಯಾಪಾರಿ ಮಿತ್ರರೇ, ಕುಡಿತ ಹೆಚ್ಚಾದದ್ದೂ ಕಡಿಮೆಯಾದದ್ದೂ ಡಾಕ್ಟರಿಗಿಂತ ಮೊದಲು ನಿಮ್ಮ ಪುಸ್ತಕಕ್ಕೆ ಗೊತ್ತಾಗುತ್ತದೆ. ಮಗಳ ಶಾಲೆಯ ಸಭೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ.

ಆ ನಡುವೆ ಒಂದು ದಿನ ನನ್ನ ಹತ್ತಿರ ಬಂದು ಕೇಳಿದ: “ಪ್ರತಿ ಶನಿವಾರ ಅಲ್ಲಿ ಇಳಿದರೆ ಕೊನೆಯ ರೈಲು ಹಿಡಿಯೋದು ಕಷ್ಟ ಆಗ್ತದೆ. ನಮ್ಮ ಕಡೆಯವರು ಇನ್ನೂ ಇಬ್ಬರು ಮೂವರಿದ್ದಾರೆ. ಭಾನುವಾರ ಸಾಯಂಕಾಲ ಒಂದು ಗಂಟೆ ನಿಮ್ಮ ಪಕ್ಷದ ಕೋಣೆ ಕೊಡ್ತೀಯಾ?” ನಾನು ಏನು ಹೇಳಿದೆ ಗೊತ್ತೆ? ಭಾನುವಾರ ನಮ್ಮ ಕಾರ್ಯಕರ್ತರ ಸಭೆ ಇರುತ್ತದೆ, ಆಗುವುದಿಲ್ಲ ಎಂದೆ. ಸಭೆ ಇರುತ್ತಿದ್ದದ್ದು ತಿಂಗಳಿಗೊಂದು ಭಾನುವಾರ. ನಿಜವಾದ ಕಾರಣ ಬೇರೆ. ಪಕ್ಷದ ಕೋಣೆಗೆ ಕುಡುಕರು ಬರುತ್ತಾರೆ ಎಂದು ಊರವರು ಆಡಿಕೊಂಡಾರೆಂದು ಹೆದರಿದೆ. ಅಣ್ಣ ಎರಡನೆಯ ಸಲ ಕೇಳಲಿಲ್ಲ.

2023ರ ಮಾರ್ಚಿಯಲ್ಲಿ ಅವನ ಡ್ಯೂಟಿ ಬದಲಾಯಿತು, ಶನಿವಾರ ರಾತ್ರಿಪಾಳಿ ಬಿತ್ತು. ಕೂಟಕ್ಕೆ ಒಂದು ವಾರ ತಪ್ಪಿತು, ಎರಡು ವಾರ ತಪ್ಪಿತು. ಐದನೆಯ ವಾರ ಮತ್ತೆ ಕುಡಿದ. ಆಮೇಲೆ ನಾಚಿಕೆಯಿಂದ ಅಲ್ಲಿಗೆ ಹೋಗಲಿಲ್ಲ. 2024ರ ಮಾರ್ಚಿಯಲ್ಲಿ ಪಿತ್ತಜನಕಾಂಗ ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡ. ನಲವತ್ತೊಂದು ವರ್ಷ. ಕೋಣೆ ಕೊಟ್ಟಿದ್ದರೆ ಬದುಕುತ್ತಿದ್ದನೆಂದು ನಾನು ಹೇಳಲಾರೆ. ಕೊಡಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಹೀಗೆ ಬಿಟ್ಟವರನ್ನು ಒಟ್ಟಿಗೆ ಕೂರಿಸುವ ಬೇರೆ ದಾರಿಗಳೂ ನಮ್ಮ ನಾಡಿನಲ್ಲಿವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಿನಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಎಂಟು ದಿನ ಊರಿನ ಸಭಾಭವನದಲ್ಲೇ ಇಟ್ಟುಕೊಂಡು, ಆಮೇಲೆ ಬಿಟ್ಟವರನ್ನೇ ಸೇರಿಸಿ ನವಜೀವನ ಸಮಿತಿ ಎಂದು ಕಟ್ಟುತ್ತಾರೆ. ಅವರ ದಾರಿ ಭಕ್ತಿಯದು, ನನ್ನದಲ್ಲ. ಆದರೆ ಶಿಬಿರ ಮುಗಿದ ಮೇಲೆ ಒಂದು ಸಮಿತಿ ಬೇಕು ಎಂಬುದನ್ನು ಅವರು ನನಗಿಂತ ಮೊದಲು ಕಂಡುಕೊಂಡರು ಎಂದು ಒಪ್ಪಲೇಬೇಕು. ನಿಮ್ಮ ಊರಿನ ಕಡೆ ಶಿಬಿರ ಬಂದರೆ ಹೋಗಿ. ಎ.ಎ. ಕೂಟವಿದೆಯೆ ಎಂದು ಹುಡುಕುವುದಾದರೆ ಚರ್ಚಿನ ಫಾದರನ್ನು ಕೇಳಿ, ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ, ಬೆಂಗಳೂರಿನ ಕೂಟಗಳಲ್ಲಿ ಕೇಳಿ, ಒಂದು ಕೂಟಕ್ಕೆ ಹೋದರೆ ಮಿಕ್ಕವು ಎಲ್ಲೆಲ್ಲಿವೆಯೆಂದು ಅವರೇ ಹೇಳುತ್ತಾರೆ. ಹೋದ ಮೊದಲ ದಿನ ರುಚಿಸದಿದ್ದರೆ ಇನ್ನೊಂದು ಕೂಟ ನೋಡಿ. ಒಂದು ಹೋಟೆಲಿನ ಇಡ್ಲಿ ಗಟ್ಟಿಯಾಗಿತ್ತೆಂದು ಇಡ್ಲಿಯನ್ನೇ ಬಿಡುತ್ತೇವೆಯೆ?

ಹೆಂಗಸರ ಮಾತು ಬಂತು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟ 1951ರಲ್ಲಿ ಶುರುವಾಯಿತು. ಶುರುಮಾಡಿದವರಲ್ಲಿ ಬಿಲ್‌ನ ಹೆಂಡತಿಯೂ ಒಬ್ಬಳು. ಗಂಡ ಬಿಡಲಿ ಬಿಡದಿರಲಿ, ಹೆಂಡತಿ ಹೋಗಬಹುದು. ಬಾಟಲು ಬಚ್ಚಿಡುವುದು, ಡ್ಯೂಟಿಗೆ ಜ್ವರವೆಂದು ಸುಳ್ಳು ಹೇಳಿ ಕಳಿಸುವುದು, ಹೊಡೆತ ತಿಂದು ಬಾಗಿಲಿಗೆ ಬಡಿದುಕೊಂಡೆ ಎನ್ನುವುದು, ಇದನ್ನೆಲ್ಲ ಒಬ್ಬಳೇ ಹೊತ್ತುಕೊಂಡರೆ ಅವಳೂ ರೋಗಿಯಾಗುತ್ತಾಳೆ. ನಮ್ಮತ್ತಿಗೆ ಹೇಳಿದ್ದು ಒಂದೇ ಮಾತು: “ಅವರಿಗೆ ಕೂರೋಕೆ ಜಾಗ ಸಿಕ್ಕಿತ್ತು, ನನಗೆ ಅದೂ ಇರಲಿಲ್ಲ.” ಇನ್ನು ಕುಡಿಯುವ ಹೆಂಗಸರೂ ಇದ್ದಾರೆ. ಕಲ್ಲು ಹೊತ್ತ ಮೈನೋವಿಗೆ ಕುಡಿಯುವವರು. ಅವರನ್ನು ಕಂಡು ನಗುವವರು ಈ ಸಭೆಯಲ್ಲಿದ್ದರೆ ಇವತ್ತಿಗೆ ನಿಲ್ಲಿಸಿ.

ಈಗ ವಿಷಯಕ್ಕೆ ಬರುತ್ತೇನೆ. ಅಣ್ಣ ಹೇಳಿದ್ದ ಇಬ್ಬರು ಮೂವರು ಇನ್ನೂ ಇದ್ದಾರೆ. ಅವರ ಬಳಿಗೆ ನಾನೇ ಹೋದೆ. ಕ್ಷಮೆ ಕೇಳಿದೆ, ಕೋಣೆ ತೆಗೆದುಕೊಳ್ಳಿ ಎಂದೆ. ನಮ್ಮ ಸಮಿತಿಯಲ್ಲಿ ಇದಕ್ಕೆ ಚರ್ಚೆಯಾಯಿತು, ಇಬ್ಬರು ಬೇಡವೆಂದರು, ಮಿಕ್ಕವರು ಒಪ್ಪಿದರು. ಪುಕ್ಕಟೆ ಕೊಡುತ್ತೇವೆಂದರೆ ಅವರು ಒಪ್ಪಲಿಲ್ಲ. ತಿಂಗಳಿಗೆ ನೂರು ರೂಪಾಯಿ ಬಾಡಿಗೆ ತೆಗೆದುಕೊಂಡರೆ ಮಾತ್ರ ಬರುತ್ತೇವೆ, ಆ ಹೊತ್ತಿನಲ್ಲಿ ಗೋಡೆಯ ಮೇಲೆ ಪಕ್ಷದ ಬಾವುಟ ಇರಕೂಡದು, ಪಕ್ಷದವರು ಒಳಗೆ ಬರಕೂಡದು, ಯಾರು ಬಂದರೆಂದು ಹೊರಗೆ ನಿಂತು ಎಣಿಸಕೂಡದು ಎಂದರು. ಮೂರಕ್ಕೂ ಒಪ್ಪಿದೆವು. ಬಾವುಟಕ್ಕೆ ಮೊಳೆಯ ಬದಲು ಕೊಕ್ಕೆ ಹಾಕಿಸಿದ್ದೇವೆ, ಬಿಚ್ಚಿಡಲು ಸುಲಭ.

ಹೊತ್ತನ್ನು ರೈಲು ನೋಡಿ ಇಟ್ಟಿದ್ದಾರೆ. ಭಾನುವಾರ ಸಾಯಂಕಾಲ ಐದರಿಂದ ಆರು. ವಾರದ ದಿನ ಡ್ಯೂಟಿಗೆ ಹೋಗುವವರಿಗೆ ಬುಧವಾರ ರಾತ್ರಿ, ರೈಲು ಬಂದ ಅರ್ಧ ಗಂಟೆಗೆ ಶುರು. ಯಾಕೆಂದರೆ ಆ ಅರ್ಧ ಗಂಟೆಯೇ ಕೆಟ್ಟದ್ದು. ತಮಿಳಿನಲ್ಲಿ ಮಾತಾಡಬಹುದು, ತೆಲುಗಿನಲ್ಲಿ, ಕನ್ನಡದಲ್ಲಿ, ಮೂರನ್ನೂ ಕಲಸಿ ನಾವು ಮನೆಯಲ್ಲಿ ಆಡುವ ಹಾಗೆಯೂ ಆಡಬಹುದು. ಮನೆಯವರ ಕೂಟಕ್ಕೆ ಭಾನುವಾರ ಮೂರು ಗಂಟೆ. ಅದನ್ನು ನಮ್ಮತ್ತಿಗೆ ನಡೆಸುತ್ತಾರೆ, ಸದ್ಯಕ್ಕೆ ಅವರೊಬ್ಬರೇ.

ವ್ಯಾಪಾರಿಗಳಲ್ಲಿ ಒಂದು ಕೋರಿಕೆ. ಅಂಗಡಿಯಲ್ಲಿ ಚೀಟಿ ಅಂಟಿಸಿ ಎನ್ನುವುದಿಲ್ಲ, ಚೀಟಿಯ ಮುಂದೆ ನಿಂತು ಓದಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ನಡುಗುವ ಕೈ ನಿಮ್ಮ ಗಲ್ಲೆಯ ಮುಂದೆ ಬಂದಾಗ, ಬೇರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಭಾನುವಾರ ಐದು ಗಂಟೆ ಎಂದು ಕಿವಿಯಲ್ಲಿ ಹೇಳಿ. ಗಿರಣಿಯ ಮೇಸ್ತ್ರಿಗಳಲ್ಲಿ ಇನ್ನೊಂದು. ಭಾನುವಾರದ ಓವರ್‌ಟೈಮು ಬೇಡವೆಂದು ಒಬ್ಬ ಹೇಳಿದರೆ ಕಾರಣ ಕೇಳಬೇಡಿ.

ನಾನು ಆ ಕೋಣೆಯೊಳಗೆ ಬರುವುದಿಲ್ಲ. ಬೀಗದ ಕೈ ಪಕ್ಕದ ಟೀ ಅಂಗಡಿಯಲ್ಲಿರುತ್ತದೆ. ಕೈ ಕೊಡಿ ಎಂದರೆ ಸಾಕು, ಹೆಸರು ಕೇಳುವುದಿಲ್ಲ.